ಟಿಕ್ ಅನ್ನದ ಗಡಿಯಾರ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆಯಿಂದ ಸ್ಕ್ಯಾನರ್ ಎರಡೆರಡು ಸಲ ಕೂಗುತ್ತಿದೆ. ಡಬ್ಬಿಯ ಬಾರ್‌ಕೋಡ್ ಸರಿ ಇದ್ದರೆ ಒಂದು ಬೀಪ್, ತಪ್ಪಿದ್ದರೆ ಎರಡು. ಹೊಸದಾಗಿ ಬಂದ ಗೋಡೆ ಗಡಿಯಾರಗಳಲ್ಲಿ ಅರ್ಧಕ್ಕರ್ಧ ಎರಡು. ಡಬ್ಬಿಯ ಮೇಲೆ ಗಡಿಯಾರದ ಚಿತ್ರ, ಡಬ್ಬಿಯೊಳಗೆ ಗಡಿಯಾರ. ನಾನು ಮಾರುವ ಆನ್‌ಲೈನ್ ಸೈಟಿನ ಪ್ರಕಾರ ಮಾತ್ರ ಅಂಥ ವಸ್ತು ಭೂಮಿಯ ಮೇಲೇ ಇಲ್ಲ.

ಸೋದರಮಾವನಿಗೆ ಫೋನ್ ಮಾಡಿದೆ. ಮುಚ್ಚಿದ ಅಂಗಡಿಗಳ ಸರಕನ್ನೆಲ್ಲ ಸಗಟಾಗಿ ಎತ್ತಿ ಗೋಡೌನಿಗೆ ತುಂಬುವವರು ಅವರು. ಅವರಿಂದ ನಾನು, ನನ್ನಿಂದ ಆನ್‌ಲೈನಿನಲ್ಲಿ ಇನ್ಯಾರೋ. ಯಜಮಾನರ ಡಿಪೋ ಕೆಲಸ ಹೋದ ಮೇಲೆ ಮನೆ ನಡೆಯುತ್ತಿರುವುದು ಈ ಮುಂದಿನ ಕೋಣೆಯಿಂದಲೇ.

“ಮಾವ, ಅರ್ಧ ಡಬ್ಬಿ ಕೋಡ್ ಸೈಟಲ್ಲಿ ಸಿಗ್ತಿಲ್ಲ.”

“ಹಳೇ ಡಬ್ಬಿ ಕಣೇ. ಕಂಪನಿಯವರು ಡಬ್ಬಿ ಬದಲಾಯಿಸಿದಾಗ ಕೋಡೂ ಬದಲಾಯಿಸಿದ್ರು. ಗಡಿಯಾರ ಅದೇ. ಮದುವೆ ಆದ್ಮೇಲೆ ನಿನ್ನ ಅಡ್ರೆಸ್ ಬದಲಾಯ್ತು. ನೀನು ಬದಲಾದ್ಯಾ?”

“ಸ್ವಲ್ಪ ಆದೆ.”

“ಅದು ವಯಸ್ಸು. ಅಡ್ರೆಸ್ ಅಲ್ಲ.”

ಕೋಡ್ ಬೇರೆ, ವಸ್ತು ಒಂದೇ. ಸರಿ. ಹಳೆಯ ಕೋಡುಗಳನ್ನೂ ಸೇರಿಸಿಕೊಳ್ಳಿ ಎಂದು ಸೈಟಿಗೆ ಬರೆದು ಹಾಕಿದೆ.

ಅತ್ತೆಯ ಕೋಣೆಗೂ ಒಂದು ಗಡಿಯಾರ ತೂಗು ಹಾಕಿದೆವು. ಸದ್ದು ಮಾಡದ್ದು ಇರಲಿ, ನಿದ್ದೆಗೆ ಒಳ್ಳೆಯದು ಎಂದೆ. ಅವರೇ ಆರಿಸಿಕೊಂಡರು.

ಮಾರ್ಚ್ 5, ಗುರುವಾರ

ಇನ್ನೊಂದು ಗೊಂದಲ. ದೊಡ್ಡ ಪೆಟ್ಟಿಗೆಗೂ ಒಂದು ಕೋಡ್ ಇರುತ್ತದೆ, ಒಳಗಿನ ಡಬ್ಬಿಗೂ ಒಂದು. ಪೆಟ್ಟಿಗೆಯದ್ದನ್ನು ಹೊಡೆದೆ, ಹನ್ನೆರಡು ಗಡಿಯಾರಕ್ಕೆ ಲೆಕ್ಕ ‘ಒಂದು’ ಎಂದು ಬಿತ್ತು. ಎಲ್ಲ ಅಳಿಸಿ ಮತ್ತೆ ಮಾಡಿದೆ. ಇವರು ಬಾಗಿಲಲ್ಲಿ ನಿಂತು, “ತಾಯಿ ಹೆಸರಲ್ಲಿ ಮಕ್ಕಳನ್ನೆಲ್ಲ ಬರೆಸಿದ್ಯಾ?” ಎಂದು ನಕ್ಕರು. ನಗಲಿ. ಕೊರಿಯರಿಗೆ ಹೊತ್ತು ಹಾಕುವುದು ಅವರೇ.

ಈ ಲಾಟಿನಲ್ಲಿ ಎರಡು ಬಗೆ. ಒಂದು ಟಿಕ್ ಟಿಕ್ ಅನ್ನುವುದು. ಇನ್ನೊಂದು ಸದ್ದಿಲ್ಲದ್ದು. ಮುಖ ಒಂದೇ, ಅಂಕಿ ಒಂದೇ, ಡಬ್ಬಿಯೂ ನೋಡಲು ಒಂದೇ. ಕೋಡಿನ ಕೊನೆಯ ಅಂಕಿಗಳು ಬೇರೆ, ಮಾಡೆಲ್ ನಂಬರಿನ ಬಾಲದಲ್ಲಿ ಇರುವೆಯಷ್ಟು ಒಂದು ‘ಎಸ್’ ಬೇರೆ. ಅವಳಿಗಳನ್ನು ಮಚ್ಚೆ ನೋಡಿ ಗುರುತಿಸಿದ ಹಾಗೆ. ಟಿಕ್ಕಿನದನ್ನು ಎಡಗೋಡೆಗೆ ಪೇರಿಸಿದೆ, ಸದ್ದಿಲ್ಲದ್ದನ್ನು ಬಲಗೋಡೆಗೆ.

ಆರ್ಡರ್, ಸ್ಕ್ಯಾನ್, ಲೇಬಲ್ ನನ್ನದು. ಪರೀಕ್ಷೆ ಅತ್ತೆಯದು. ಕಿಟಕಿಯ ಪಕ್ಕ ಚಾಪೆ. ಡಬ್ಬಿ ತೆರೆದು, ಸೆಲ್ ಹಾಕಿ, ಮುಳ್ಳು ಒಂದು ಸುತ್ತು ಬರುವವರೆಗೆ ಕಾದು, ಸೆಲ್ ತೆಗೆದು, ಗಾಜು ಒರೆಸಿ, ಮತ್ತೆ ಡಬ್ಬಿಗಿಟ್ಟು ನನ್ನ ಕಡೆ ತಳ್ಳುತ್ತಾರೆ. ಗಾಜಿನ ಮೇಲೆ ಒಂದು ಬೆರಳ ಗುರುತು ಉಳಿಯುವುದಿಲ್ಲ. ಈ ಕೆಲಸ ಸಿಕ್ಕಿದ ಮೇಲೆ ಅವರ ಸೊಂಟನೋವಿನ ಸುದ್ದಿಯೇ ಇಲ್ಲ.

ಮಧ್ಯಾಹ್ನ ಕೊರಿಯರಿನವನು ಬೆಲ್ ಒತ್ತಿ ಒತ್ತಿ ಸುಸ್ತಾದ. ಅತ್ತೆ ಬಾಗಿಲ ಪಕ್ಕದಲ್ಲೇ ಇದ್ದರು, ಏಳಲಿಲ್ಲ. ಹಿತ್ತಲಿನಿಂದ ನಾನೇ ಓಡಿ ಬಂದೆ. ಅವರಿಗೆ ಬೇಕಾದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ. ಮನೆಯ ಹಳೆಯ ಜೋಕು.

ಮಾರ್ಚ್ 9, ಸೋಮವಾರ

ಮೊದಲ ದೂರು. ‘ಸದ್ದಿಲ್ಲ ಎಂದು ಬರೆದಿದ್ದೀರಿ. ಗೋಡೆಗೆ ಮರಕುಟಿಗ ಕೂತ ಹಾಗಿದೆ. ಮಗು ಮಲಗುತ್ತಿಲ್ಲ, ನಾವೂ ಇಲ್ಲ.’ ಫೋಟೋ ಕಳಿಸಿದ್ದಾರೆ. ಡಬ್ಬಿಯ ಕೋಡ್ ಸರಿಯಾಗಿದೆ. ಬಾಲದಲ್ಲಿ ಎಸ್ ಇದೆ. ನಾನೇ ಸ್ಕ್ಯಾನ್ ಮಾಡಿದ್ದು, ಒಂದೇ ಬೀಪ್ ಬಂದದ್ದೂ ನೆನಪಿದೆ.

ಕೆಟ್ಟ ಗಡಿಯಾರ ಇರಬೇಕು. ವಾಪಸ್ ತರಿಸಲು ಹೇಳಿದೆ.

ಮಾರ್ಚ್ 11, ಬುಧವಾರ

ಇನ್ನೂ ಮೂರು. ಎರಡು ಅದೇ ರಾಗ. ಮೂರನೆಯದು ತಿರುಗುಮುರುಗು. ಟಿಕ್ ಅನ್ನುವುದು ಬೇಕೆಂದು ಕೊಂಡವರಿಗೆ ಟಿಕ್ ಅನ್ನದ್ದು ಹೋಗಿದೆ. ‘ನಮ್ಮ ತಂದೆಗೆ ಕಣ್ಣು ಕಾಣುವುದಿಲ್ಲ. ಗಡಿಯಾರ ನಡೆಯುತ್ತಿದೆಯೋ ನಿಂತಿದೆಯೋ ಸದ್ದಿನಿಂದ ತಿಳಿಯುತ್ತಿದ್ದರು. ಇದನ್ನು ಹಾಕಿದ ದಿನದಿಂದ, ನಿಂತಿದೆ ನಿಂತಿದೆ ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದಾರೆ.’

ಸದ್ದಿಲ್ಲದ್ದು ಕೆಟ್ಟು ಸದ್ದು ಮಾಡಬಹುದು, ಒಪ್ಪಿದೆ. ಸದ್ದಿನದು ಕೆಟ್ಟು, ಸದ್ದಿಲ್ಲದೆ, ಸರಿಯಾಗಿ ನಡೆಯುತ್ತದೆಯೇ?

ಹೋದ ವಾರ: ಕೋಡ್ ಬೇರೆ, ವಸ್ತು ಒಂದೇ. ಈ ವಾರ: ಕೋಡ್ ಒಂದೇ, ವಸ್ತು ಬೇರೆ. ತಲೆ ಗಿರ್ ಅನ್ನುತ್ತಿದೆ. ಅನ್ನಕ್ಕಿಟ್ಟು ಮರೆತೆ. ತಳ ಹಿಡಿಯಿತು.

ಮಾರ್ಚ್ 12, ಗುರುವಾರ, ಸಂಜೆ

ಮಾವನ ಜೊತೆ ಮಾತಾಯಿತು. ಬರೆದಿಡುತ್ತೇನೆ, ಹೇಗೆ ನಡೆಯಿತೋ ಹಾಗೆ.

“ಮಾವ, ಮೇಲೆ ಬರೆದಿರೋದು ಒಂದು, ಒಳಗಿರೋದು ಇನ್ನೊಂದು.”

“ಹಳೇ ಡಬ್ಬಿ ಇರ—”

“ಹಳೇ ಡಬ್ಬಿ ಪುರಾಣ ಸಾಕು. ಯಾರೋ ತೆಗೆದು ಅದಲುಬದಲು ತುರುಕಿದಾರೆ. ನಿಮ್ಮ ಗೋಡೌನಲ್ಲೇ.”

“ಅಂದ್ರೆ?”

“ಸದ್ದಿಲ್ಲದ್ದಕ್ಕೆ ರೇಟು ಜಾಸ್ತಿ. ಟಿಕ್ಕಿಂದನ್ನ ಆ ಡಬ್ಬೀಲಿ ಹಾಕಿದ್ರೆ ಯಾರಿಗೆ ಲಾಭ ಮಾವ?”

ಆ ಕಡೆ ಲಾರಿ ಹಿಂದೆ ಬರುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಆಮೇಲೆ ಅವರು: “ಇನ್ಮೇಲೆ ಸರಕು ಬೇರೆ ಕಡೆ ತಗೊಳ್ಳಿ.”

ತಗೊಳ್ಳಿ. ಹುಟ್ಟಿದಾಗಿನಿಂದ ನನ್ನನ್ನು ‘ಲೇ, ಬಾರೇ, ಹೋಗೇ’ ಅಂದವರು. ಅಪ್ಪ ತೀರಿಕೊಂಡ ವರ್ಷ ಶಾಲೆಗೆ ಕೈಹಿಡಿದು ಬಿಟ್ಟವರು. ಈ ವ್ಯಾಪಾರ ಶುರು ಮಾಡು ಎಂದು ಮೊದಲ ಪೆಟ್ಟಿಗೆಯನ್ನು ತಾವೇ ತಂದು ಇಳಿಸಿದವರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ನಾನು ಹೇಳಿದ್ದರಲ್ಲಿ ತಪ್ಪೇನು? ಇವರನ್ನು ಕೇಳಿದೆ. “ನಿನ್ನ ತವರಿನ ವಿಷಯ. ನಾನು ಬಾಯಿ ಹಾಕಲ್ಲ,” ಎಂದರು. ಬೇರೆ ಎಲ್ಲ ವಿಷಯಕ್ಕೂ ಹಾಕುತ್ತಾರೆ.

ಮಾರ್ಚ್ 19, ಗುರುವಾರ

ಒಂದು ವಾರ ಏನೂ ಬರೆಯಲಿಲ್ಲ.

ಇವತ್ತು ಸೈಟಿನಿಂದ ಪತ್ರ. ‘ವಿವರಣೆಗೆ ಹೊಂದದ ವಸ್ತುಗಳ ಬಗ್ಗೆ ಬಂದ ದೂರುಗಳ ಕಾರಣ ನಿಮ್ಮ ಮಾರಾಟ ಖಾತೆಯನ್ನು ತಡೆಹಿಡಿಯಲಾಗಿದೆ.’ ಮೂರು ಸಲ ಓದಿದೆ. ಪ್ರತಿ ಸಲವೂ ಅದೇ ಇತ್ತು.

ತಿಂಗಳ ಕೊನೆಯೊಳಗೆ ಒಂದು ಫಾರಂ ತುಂಬಿ ಕಾರಣ ತಿಳಿಸಬೇಕಂತೆ. ಎರಡರಲ್ಲಿ ಒಂದನ್ನು ಆರಿಸಬೇಕು. ‘ಸರಬರಾಜುದಾರರ ತಪ್ಪು’ ಅಂದರೆ ಖಾತೆ ತೆರೆಯುತ್ತದೆ. ಆದರೆ ಅವರ ಹೆಸರು ಕೊಡಬೇಕು, ಆ ಹೆಸರಿನ ಸರಕನ್ನು ಸೈಟಿನವರು ಇನ್ನು ಮುಂದೆ ಯಾರಿಂದಲೂ ಸ್ವೀಕರಿಸುವುದಿಲ್ಲ. ‘ಮಾರಾಟಗಾರರ ತಪ್ಪು’ ಅಂದರೆ ಖಾತೆ ಶಾಶ್ವತವಾಗಿ ಮುಚ್ಚಬಹುದು. ಯಾವುದಕ್ಕೇ ಆದರೂ ಸರಬರಾಜುದಾರರ ಸಹಿ ಇರುವ ಪತ್ರ ಲಗತ್ತಿಸಬೇಕು.

ಮಾವನಿಂದ ಕೊಳ್ಳುವವರು ನನ್ನ ಹಾಗೆ ಇನ್ನೂ ಎಷ್ಟೋ ಮಂದಿ. ಎಲ್ಲರೂ ಇದೇ ಸೈಟಿನಲ್ಲಿ ಮಾರುವವರು. ನಾನು ಅವರ ಹೆಸರು ಬರೆದರೆ ಗೋಡೌನಿಗೆ ಬೀಗ. ಬರೆಯದಿದ್ದರೆ ಈ ಕೋಣೆಗೆ.

ಮಾರ್ಚ್ 20, ಶುಕ್ರವಾರ

ಬರೆಯುವ ಮೊದಲು ಒಂದು ಸಲ ಖಚಿತ ಮಾಡಿಕೊಳ್ಳಬೇಕು ಅನ್ನಿಸಿತು.

ಮಂಚದ ಕೆಳಗೆ ಒಡೆಯದ ಪೆಟ್ಟಿಗೆ ಒಂದು ಉಳಿದಿತ್ತು. ಮಾವ ಕಂದು ಟೇಪು ಅಂಟಿಸಿ ಅದರ ಮೇಲೆ ಅಡ್ಡಲಾಗಿ ಸಹಿ ಹಾಕುತ್ತಾರೆ. ಬಿಚ್ಚಿದರೆ ಸಹಿ ಎರಡು ಹೋಳು. ಸಹಿ ಅಖಂಡವಾಗಿತ್ತು. ಪೆಟ್ಟಿಗೆಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಬೀದಿಯ ಗದ್ದಲ ಕೇಳದ ಜಾಗ ಅದೊಂದೇ. ಒಂದೊಂದಕ್ಕೂ ಸೆಲ್ ಹಾಕಿ ಕಿವಿಗೆ ಹಿಡಿದೆ. ಇವರು ಹೊರಗಿನಿಂದ, “ಒಳಗೆ ಗಡಿಯಾರ ಸ್ನಾನ ಮಾಡ್ತಿದೆಯಾ?” ಎಂದರು.

ಎಲ್ಲ ಸರಿ. ಎಸ್ ಇದ್ದದ್ದು ಉಸಿರೆತ್ತಲಿಲ್ಲ, ಇಲ್ಲದ್ದು ಟಿಕ್ ಎಂದಿತು.

ಬಲಗೋಡೆಯ ರಾಶಿಯನ್ನೂ ಇಳಿಸಿ ನೋಡಿದೆ. ಎಲ್ಲ ಎಸ್ ಡಬ್ಬಿಗಳೇ. ಅರ್ಧದಷ್ಟು ಟಿಕ್ ಅನ್ನುತ್ತಿವೆ.

ಅಂದರೆ ಮಾವನ ಗೋಡೌನಿನಿಂದ ಸರಿಯಾಗಿ ಬಂದದ್ದು ನನ್ನ ಮನೆಯೊಳಗೆ ಬದಲಾಗುತ್ತಿದೆ. ಯಾರು? ಇವರಿಗೆ ಸ್ಕೂಟರ್ ಬಿಟ್ಟು ಬೇರೆ ಯಾವುದರಲ್ಲೂ ಆಸಕ್ತಿ ಇಲ್ಲ. ಇಲಿ ಡಬ್ಬಿ ಕಡಿಯುತ್ತದೆ, ಅದಲುಬದಲು ಮಾಡುವುದಿಲ್ಲ. ನಾನೇ ಅರೆನಿದ್ದೆಯಲ್ಲಿ...?

ಏನೂ ತಿಳಿಯುತ್ತಿಲ್ಲ. ಒಂದು ಮಾತ್ರ ತಿಳಿಯಿತು. ಮಾವ ಅಲ್ಲ.

ಮಾರ್ಚ್ 21, ಶನಿವಾರ

ಹಾಲು ತರಲು ಹೋಗಿದ್ದೆ. ನಿನ್ನೆ ಹರಡಿದ್ದ ಗಡಿಯಾರಗಳು ನೆಲದ ಮೇಲೆ ಹಾಗೇ ಇದ್ದವು, ಒಂದೊಂದೂ ತನ್ನ ಡಬ್ಬಿಯ ಮೇಲೆ. ವಾಪಸ್ ಬಂದರೆ ಅತ್ತೆ ಒಪ್ಪ ಮಾಡುತ್ತಿದ್ದಾರೆ. ಒಂದು ಗಡಿಯಾರವನ್ನು ಅದರ ಡಬ್ಬಿಯ ಮೇಲಿನಿಂದ ಎತ್ತಿದರು. ಡಬ್ಬಿಯ ಮೂಲೆ ಜಜ್ಜಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಎಡಗೋಡೆಯ ರಾಶಿಯಿಂದ ಒಳ್ಳೆಯ ಡಬ್ಬಿ ಒಂದನ್ನು ತೆಗೆದು, ಅದರಲ್ಲಿದ್ದ ಗಡಿಯಾರವನ್ನು ಹೊರಗಿಟ್ಟು, ಇದನ್ನು ಮಲಗಿಸಿದರು.

ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದೆ.

“ಏನ್ಮಾಡ್ತಿದೀರಾ ಅತ್ತೆ?”

ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಹತ್ತಿರ ಹೋಗಿ ಭುಜ ಮುಟ್ಟಿದೆ. ಬೆಚ್ಚಿಬಿದ್ದರು.

“ಅಯ್ಯೋ, ಬಂದಿದ್ದೇ ಗೊತ್ತಾಗಲಿಲ್ಲ. ನೋಡು ಈ ಡಬ್ಬಿ. ಯಾರದೋ ಮನೆಗೆ ಹೋಗೋದು, ಹೀಗೆ ಕಳಿಸೋಕಾಗುತ್ತಾ?”

ಜೋರಾಗಿ ಕೇಳಿದೆ: “ಡಬ್ಬಿ ಯಾವಾಗ್ಲೂ ಹೀಗೆ ಬದಲಾಯಿಸ್ತೀರಾ?”

“ಮತ್ತೆ? ಮಗಳನ್ನ ಗಂಡನ ಮನೆಗೆ ಕಳಿಸುವಾಗ ಹರಕು ಬಟ್ಟೆ ಹಾಕಿ ಕಳಿಸ್ತೀವಾ? ಇದ್ದಿದ್ರಲ್ಲಿ ಒಳ್ಳೇದು ಹುಡುಕಿ ಹಾಕ್ತೀವಿ. ಆ ರಾಶಿ ಆದ್ರೇನು, ಈ ರಾಶಿ ಆದ್ರೇನು, ಎಲ್ಲ ಒಂದೇ ಗಡಿಯಾರ ತಾನೆ.”

“ಒಂದೇ ಅಲ್ಲ ಅತ್ತೆ. ಒಂದು ಸದ್ದು ಮಾಡುತ್ತೆ, ಒಂದು ಮಾಡಲ್ಲ.”

“ಯಾವುದು ಮಾಡುತ್ತೆ?”

ಟಿಕ್ಕಿನದನ್ನು ಎತ್ತಿ ಅವರ ಕಿವಿಗೆ ಹಿಡಿದೆ. ತೋಳಿನಷ್ಟು ದೂರದಲ್ಲಿದ್ದ ನನಗೇ ಕೇಳುತ್ತಿತ್ತು. ಅತ್ತೆ ಮುಖ ನೆಟ್ಟಗೆ ಮಾಡಿ ಕಾದರು, ಫೋನಿನಲ್ಲಿ ಆ ಕಡೆಯವರು ಮಾತಾಡಲಿ ಎಂದು ಕಾಯುವ ಹಾಗೆ. ಈ ಕಿವಿ, ಆ ಕಿವಿ. ಆಮೇಲೆ ಅದನ್ನು ಕೈಗೆ ತೆಗೆದುಕೊಂಡು ಮುಳ್ಳು ನೋಡಿದರು.

“ಚೆನ್ನಾಗಿ ಓಡ್ತಿದೆಯಲ್ಲ,” ಎಂದರು.

ನನ್ನ ಮುಖ ನೋಡಿ ತಿಳಿದಿರಬೇಕು. ಗಡಿಯಾರವನ್ನು ಮೆಲ್ಲಗೆ ಚಾಪೆಯ ಮೇಲಿಟ್ಟರು.

“ಈಗಿನ ಗಡಿಯಾರಗಳು ಸದ್ದೇ ಮಾಡಲ್ಲ ಅಂದ್ಕೊಂಡಿದ್ದೆ ಕಣೇ. ಫ್ಯಾನೂ ಹಾಗೇ.”

ಮಾರ್ಚ್ 22, ಭಾನುವಾರ

ಇವರಿಗೆ ಹೇಳಿದೆ. “ಬೇಕಾದ್ದು ಮಾತ್ರ ಕೇಳುತ್ತೆ ಅಂತ ನಾನೇ ಆಡ್ಕೊಳ್ತಿದ್ದೆ,” ಎಂದರು. ಆಮೇಲೆ ಖಾತೆಯ ಮಾತು.

“ಅಮ್ಮನ ಸುದ್ದಿ ಆ ಫಾರಮ್ಮಲ್ಲಿ ಬರಬಾರದು.”

“ಬರಲ್ಲ. ನನ್ನ ತಪ್ಪು ಅಂತ ಬರೀತೀನಿ.”

“ಬರೆದ್ರೆ ಖಾತೆ ಹೋಗುತ್ತೆ. ಮುಂದೆ?” ಸ್ವಲ್ಪ ತಡೆದು: “ನಿಮ್ಮ ಮಾವ ಹೇಗೂ ಮುನಿಸಿಕೊಂಡಾಗಿದೆ...”

ವಾಕ್ಯ ಮುಗಿಸಲಿಲ್ಲ. ನಾನೂ ಮುಗಿಸಿ ಅನ್ನಲಿಲ್ಲ. ಅದೇ ಮಾತು ನಿನ್ನೆಯಿಂದ ನನ್ನ ತಲೆಯಲ್ಲೂ ಓಡಾಡುತ್ತಿದೆ. ಒಂದು ಚೌಕದಲ್ಲಿ ಗುರುತು ಹಾಕಿದರೆ ನಾಳೆಯೇ ಆರ್ಡರ್ ಶುರು. ಸಹಿಯ ಪತ್ರ ಬೇಕಲ್ಲ ಎಂದರೆ, ಹಳೆಯ ಬಿಲ್ಲೊಂದರಲ್ಲಿ ಮಾವನ ಸಹಿ ಇದೆ. ಛೆ. ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಬುದ್ಧಿ.

ಅತ್ತೆ ಬೆಳಿಗ್ಗೆಯಿಂದ ಚಾಪೆ ಬಿಟ್ಟು ಎದ್ದಿರಲಿಲ್ಲ. ಮಧ್ಯಾಹ್ನ ಕೈ ಬೀಸಿ ಕರೆದರು. ಎರಡು ಗಡಿಯಾರ ಮುಂದೆ ಇಟ್ಟುಕೊಂಡಿದ್ದರು.

“ಇದರ ಮುಳ್ಳು ಕುಪ್ಪಳಿಸುತ್ತೆ. ಇದರದು ಜಾರ್ಕೊಂಡು ಹೋಗುತ್ತೆ. ಸದ್ದು ಯಾವುದರದು?”

“ಕುಪ್ಪಳಿಸೋದರದು.”

“ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ? ನಾನು ಕಾಲು ಕುಂಟು ಅಂದ್ಕೊಂಡಿದ್ದೆ.”

ಸಂಜೆಯ ಹೊತ್ತಿಗೆ ಎರಡು ರಾಶಿ ಬೇರೆ ಮಾಡಿದ್ದರು. ಒಂದೊಂದನ್ನೂ ನಾನು ಕಿವಿಗೆ ಹಿಡಿದು ನೋಡಿದೆ. ಒಂದೂ ತಪ್ಪಿಲ್ಲ. ಜಜ್ಜಿದ ಡಬ್ಬಿಗಳು ಮತ್ತೆ ತಮ್ಮ ತಮ್ಮ ಗಡಿಯಾರಗಳಿಗೆ. ಅವನ್ನು ಮುಚ್ಚುವಾಗ ಮಾತ್ರ ಮುಖ ಆಚೆ ತಿರುಗಿಸಿದರು.

ಮಾರ್ಚ್ 24, ಮಂಗಳವಾರ

ಗೋಡೌನಿಗೆ ಹೋದೆ. ಮಾವ ಒಂದು ಪೆಟ್ಟಿಗೆಯ ಮೇಲೆ ಕೂತು ಟೇಪು ಹರಿಯುತ್ತಿದ್ದರು. ಹಲ್ಲಿನಿಂದ. ಕತ್ತರಿ ಪಕ್ಕದಲ್ಲೇ ಇರುತ್ತದೆ.

“ಬನ್ನಿ,” ಎಂದರು. “ಕೂತ್ಕೊಳ್ಳಿ.”

ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಬಚ್ಚಲಲ್ಲಿ ಪರೀಕ್ಷೆ ಮಾಡಿದ್ದು, ಸಹಿ ಅಖಂಡ ಇದ್ದದ್ದು, ಜಜ್ಜಿದ ಮೂಲೆ, ಫ್ಯಾನು. ಫಾರಮ್ಮಿನಲ್ಲಿ ನನ್ನ ತಪ್ಪು ಎಂದು ಬರೆದಾಗಿದೆ, ತೋರಿಸಿದೆ. ಡಬ್ಬಿಗಳು ಗೋಡೌನಿನಿಂದ ಸರಿಯಾಗಿಯೇ ಹೊರಟವು ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿ ಕೊಡಿ ಎಂದೆ.

“ಅದನ್ನ ಕೊಟ್ರೆ ನಿಮ್ಮ ಖಾತೆ ಹೋಗಬಹುದಲ್ವಾ?”

“ಹೋಗಬಹುದು.”

ಬರೆದರು. ಅವರ ಅಕ್ಷರ ದಪ್ಪ, ನಿಧಾನ. ನಡುವೆ ತಲೆ ಎತ್ತದೆಯೇ, “ಹರಕು ಬಟ್ಟೆ ಹಾಕಿ ಕಳಿಸ್ತೀವಾ ಅಂದ್ರಾ ಬೀಗಿತ್ತಿ?” ಎಂದು ಕೇಳಿದರು.

“ಹೂಂ.”

“ಇಷ್ಟು ವರ್ಷದಿಂದ ಡಬ್ಬಿ ಮಾರ್ತಿದೀನಿ. ಡಬ್ಬಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನ ನೋಡಿಲ್ಲ.” ಸಹಿ ಹಾಕಿದರು. ಕೊಡಲಿಲ್ಲ. “ನೀವು ಆವತ್ತು ಅಂದಿದ್ದು ಇಲ್ಲೇ ಕೂತಿದೆ.” ಎದೆ ಮುಟ್ಟಿಕೊಂಡರು. “ಡಬ್ಬಿ ಕಥೆ ಕೇಳಿದ ತಕ್ಷಣ ಎದ್ದು ಹೋಗಲ್ಲ ಅದು.”

“ಗೊತ್ತು ಮಾವ.”

“ನನ್ನ ಕೇಳಬಹುದಿತ್ತು. ಒಂದು ಪೆಟ್ಟಿಗೆ ನನ್ನ ಮುಂದೆ ಬಿಚ್ಚಿ ತೋರಿಸಿ ಅಂದಿದ್ರೆ ಬಿಚ್ಚುತ್ತಿದ್ದೆ.”

ಕಣ್ಣು ತುಂಬಿತು. ಥರ್ಮೋಕೋಲಿನ ಪುಡಿ ಎಂದು ಒರೆಸಿಕೊಂಡೆ. ಕಾಗದ ಮಡಿಚಿ ಕೈಗಿಟ್ಟರು. ನಾನು ಬಾಗಿಲು ದಾಟುವಾಗ ಹಿಂದಿನಿಂದ:

“ಅವರ ಕಿವಿ ತೋರಿಸು ಮೊದಲು. ಖಾತೆ ಆಮೇಲೆ. ಹೋಗೇ.”

ಹೋಗೇ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ.

ಏಪ್ರಿಲ್ 2, ಗುರುವಾರ

ಸೈಟಿನಿಂದ ಸುದ್ದಿ ಇಲ್ಲ. ‘ಪರಿಶೀಲನೆಯಲ್ಲಿದೆ.’ ಇವರು ಮೆಕ್ಯಾನಿಕ್ ಶೆಡ್ಡುಗಳಲ್ಲಿ ಕೆಲಸ ಕೇಳಿಕೊಂಡು ಬಂದರು.

ಅತ್ತೆಗೆ ಕಿವಿಯ ಮಷಿನ್ ಬಂತು. ಡಾಕ್ಟರು ಹಾಕಿ, “ಕೇಳಿಸ್ತಿದೆಯಾ ಅಮ್ಮ?” ಎಂದರು. ಅತ್ತೆ ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು. ನಾನು, “ಹೇಗಿದೆ ಅತ್ತೆ?” ಎಂದೆ.

“ಯಾಕೆ ಹಾಗೆ ಕಿರುಚ್ತೀಯಾ? ಜನ ಏನಂದ್ಕೊಳ್ತಾರೆ?”

ಮನೆಯಲ್ಲಿ ಎಲ್ಲರೂ ಕಿರುಚುತ್ತಲೇ ಮಾತಾಡುತ್ತಿದ್ದೆವು. ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮೂವರೂ ಪಿಸುಗುಟ್ಟಿದೆವು, ಕಳ್ಳರ ಹಾಗೆ.

ಸ್ವಲ್ಪ ಹೊತ್ತು ಹಾಕಿಕೊಂಡು ತೆಗೆದಿಡುತ್ತಾರೆ. ತಲೆಯೊಳಗೆ ಸಂತೆ ಅಂತೆ.

ಏಪ್ರಿಲ್ 6, ಸೋಮವಾರ, ಬೆಳಿಗ್ಗೆ

ಉತ್ತರ ಬಂತು. ‘ಖಾತೆಯನ್ನು ನಿಗಾ ಅವಧಿಗೆ ಒಳಪಟ್ಟು ಮತ್ತೆ ತೆರೆಯಲಾಗಿದೆ. ಗಡಿಯಾರಗಳ ಮಾರಾಟವನ್ನು ಅನುಮತಿಸಲಾಗುವುದಿಲ್ಲ.’ ಮತ್ತೆ ಮೂರು ಸಲ ಓದಿದೆ. ಸಂತೋಷಪಡಬೇಕೋ ಅರ್ಧ ಸಂತೋಷಪಡಬೇಕೋ ಗೊತ್ತಾಗುತ್ತಿಲ್ಲ. ದೋಸ್ತಿ ಬಿಟ್ಟಿಲ್ಲ, ಮಾತು ಬಿಟ್ಟಿದ್ದೇವೆ ಅಂದ ಹಾಗೆ. ಮಾವನಿಗೆ ಫೋನ್ ಮಾಡಿದೆ. ಉಳಿದ ಗಡಿಯಾರಗಳನ್ನು ತಾವೇ ಬಂದು ಒಯ್ಯುತ್ತಾರಂತೆ, ಬದಲಿಗೆ ಟೇಬಲ್ ಲ್ಯಾಂಪ್ ಕೊಡುತ್ತಾರಂತೆ. “ಅದು ಎರಡು ಥರ ಇಲ್ಲ. ಹತ್ತುತ್ತೆ, ಆರುತ್ತೆ, ಅಷ್ಟೇ,” ಎಂದರು.

ಫೋನ್ ಇಟ್ಟೆ. ಅತ್ತೆ ತಮ್ಮ ಕೋಣೆಯಿಂದ ಬಂದರು, ಗೋಡೆಯ ಗಡಿಯಾರವನ್ನು ಕೈಯಲ್ಲಿ ಹಿಡಿದುಕೊಂಡು. ಕಣ್ಣು ಕೆಂಪಗಿತ್ತು.

“ರಾತ್ರಿಯೆಲ್ಲ ರೆಪ್ಪೆ ಮುಚ್ಚಿಲ್ಲ. ಏನೇ ಇದು, ತಲೆ ಮೇಲೆ ಕೂತು ಯಾರೋ ಮೊಳೆ ಹೊಡೆದ ಹಾಗೆ! ಸದ್ದಿಲ್ಲದ್ದು ಅಂತ ಹೇಳಿ ಕೊಟ್ರಿ. ಬದಲಾಯಿಸಿ ಕೊಡು.”

“ಮಷಿನ್ ತೆಗೆದಿಟ್ಟು ಮಲಗಬಹುದಿತ್ತಲ್ಲ ಅತ್ತೆ.”

“ಯಾಕೆ ತೆಗೀಲಿ? ಮಳೆ ಬರ್ತಿತ್ತು. ಕೇಳ್ತಾ ಇದ್ದೆ.”

ಇಷ್ಟು ದೂರುಗಳಲ್ಲಿ ಇದೊಂದಕ್ಕೇ ನಕ್ಕಿದ್ದು.

ಅವರ ಗಡಿಯಾರದ ಡಬ್ಬಿ ಅಟ್ಟದ ಮೇಲಿತ್ತು. ಒಂದು ಮೂಲೆಯೂ ಜಜ್ಜಿಲ್ಲ, ಆರಿಸಿದವರು ಅವರೇ ಅಲ್ಲವೇ. ಇಳಿಸಿದೆ. ಬಾಲದಲ್ಲಿ ಎಸ್ ಇದೆ. ಸ್ಕ್ಯಾನ್ ಮಾಡಿದೆ. ಒಂದೇ ಬೀಪ್. ಸರಿ ಇದೆಯಂತೆ. ಮಾವ ಬರುವುದರೊಳಗೆ ಜಾರುವ ಮುಳ್ಳಿನದೊಂದನ್ನು ಅತ್ತೆಗೆ ತೆಗೆದಿಡಬೇಕು ಎಂದು ಬರೆಯುತ್ತಿದ್ದೇನೆ, ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ — “ಏನೇ ಅದು, ಈಗ ಕೀಂ ಅಂದಿದ್ದು?”

ಇಷ್ಟು ದಿನ ಅದರ ಎದುರೇ ಕೂತಿದ್ದವರು. ಹೋಗಿ ತೋರಿಸಬೇಕು. ಇದು ಸ್ಕ್ಯಾನರ್ ಅತ್ತೆ, ಒಂದು ಸಲ ಕೂಗಿದರೆ ಸರಿ, ಎರಡು ಸಲ ಕೂಗಿದರೆ— ಬಂದೆ ಅತ್ತೆ, ಬಂದೆ!